ಜುಮ್ ಅನ್ನುತ್ತೆ ಅಂದಿದ್ರು ಭಟ್ರು

ನಮ್ಮ ನೆಂಟರಿಷ್ಟರಿಗೆಲ್ಲ ಒಂದು ಗಟ್ಟಿ ನಂಬಿಕೆ ಇದೆ. ಸಾಫ್ಟ್‌ವೇರ್ ಇಂಜಿನಿಯರ್ ಅಂದ್ರೆ ಕರೆಂಟಿನಿಂದ ನಡೆಯೋ ಯಾವ ವಸ್ತುವನ್ನಾದ್ರೂ ರಿಪೇರಿ ಮಾಡಬಲ್ಲವನು ಅಂತ. ಅತ್ತೆ ಮನೆ ಮಿಕ್ಸಿ, ಪಕ್ಕದ ಮನೆ ಅಜ್ಜಿಯ ಮೊಬೈಲು, ಚಿಕ್ಕಪ್ಪನ ಪ್ರಿಂಟರು.... ಎಲ್ಲವೂ ನನ್ನ ಇಲಾಖೆಗೇ ಬರುತ್ತೆ. ನಾನು ದಿನವಿಡೀ ಆಫೀಸಲ್ಲಿ ಮಾಡೋದು ಇನ್ಯಾರೋ ಬರೆದ ಕೋಡಿನಲ್ಲಿ ತಪ್ಪು ಹುಡುಕೋದು, ಸಿಗದೇ ಹೋದ್ರೆ ತಪ್ಪು ನಮ್ಮದಲ್ಲ ಅಂತ ಸಾಬೀತು ಮಾಡೋದು, ಅಷ್ಟೇ ಅಂತ ಎಷ್ಟು ಹೇಳಿದ್ರೂ ಯಾರೂ ನಂಬಲ್ಲ. (ಆ ಎರಡನೇ ಕೆಲಸವನ್ನ ನೆನಪಿಟ್ಕೊಳ್ಳಿ. ಮುಂದೆ ಬೇಕಾಗುತ್ತೆ.)

ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ಮಾವನ ಫೋನ್ ಬಂದಾಗ ನನಗೇನೂ ಆಶ್ಚರ್ಯ ಆಗ್ಲಿಲ್ಲ.

"ಬಿಲ್ಲಿಂಗ್ ಮಿಷನ್ನಿನ ಟಚ್ಚು ಸತ್ತೋಗಿದೆ ಕಣೋ. ಒತ್ತಿದ್ರೆ ಒತ್ತಿಸ್ಕೊಳ್ಳಲ್ಲ. ಲೈನು ಬೀದಿಗೆ ಬಂದಿದೆ. ಬೇಗ ಬಾ."

ಮಾವನದ್ದು ಒಂದು ಸಣ್ಣ ದರ್ಶಿನಿ. ಬೆಂಗಳೂರಿನವರಿಗೆ ದರ್ಶಿನಿ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಹೊರಗಿರೋ ಗೆಳೆಯರಿಗೋಸ್ಕರ ಒಂದೆರಡು ಮಾತು. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿ ಶುರು ಮಾಡಿದ್ರು. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ನಿಂತ್ಕೊಂಡೇ ತಿನ್ನೋದು. ಅಡುಗೆ ಮನೆ ಕಣ್ಣೆದುರಿಗೇ ಇರುತ್ತೆ. ಆಮೇಲೆ ಊರ ತುಂಬಾ ಆ ಹೆಸರಿನ ಬಾಲ ಇರೋ ಹೋಟೆಲುಗಳು ಹುಟ್ಕೊಂಡ್ವು. ಇದರ ಮುಖ್ಯ ನಿಯಮ: ದುಡ್ಡು ಮೊದಲು, ತಿಂಡಿ ಆಮೇಲೆ. ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ತಗೊಂಡು ಒಳಗಿನ ಕೌಂಟರಿಗೆ ಕೊಟ್ಟರೆ ಮಾತ್ರ ದೋಸೆ. ಅಂದ್ರೆ ಇಡೀ ಹೋಟೆಲಿಗೆ ಇರೋದು ಒಂದೇ ಬಾಗಿಲು, ಅದು ಗಲ್ಲಾ. ಅಲ್ಲಿ ಬೆರಳು ನಿಂತರೆ ಒಳಗೆ ಹೆಂಚು ಕಾದು ಕೂತಿದ್ರೂ ಪ್ರಯೋಜನ ಇಲ್ಲ.

ಆ ಗಲ್ಲಾದಲ್ಲಿ ಕೂರೋದು ಭಟ್ರು. ಹೆಸರು ಬೇರೆ ಇದೆ, ಆದ್ರೆ ಮಾವನೂ ಸೇರಿ ಎಲ್ಲರೂ ಕರೆಯೋದು ಭಟ್ರು ಅಂತಲೇ. 1998ರಲ್ಲಿ ಮಾವ ಹೋಟೆಲು ತೆರೆದ ದಿನದಿಂದಲೂ ಇದ್ದಾರೆ. ಮೊದಲ ಹತ್ತು ವರ್ಷ ಒಳಗೆ ಇಡ್ಲಿ ಸ್ಥಾನ, ಆಮೇಲೆ ಸೊಂಟ ನೋವು ಶುರುವಾಗಿ ಗಲ್ಲಾಕ್ಕೆ ಬಂದ್ರು. ನಾನು ಚಡ್ಡಿ ಹಾಕೋ ವಯಸ್ಸಿನಲ್ಲಿ ಹೋದಾಗಲೆಲ್ಲ ಬಾದಾಮಿ ಹಾಲಿನ ಟೋಕನ್ನನ್ನ ದುಡ್ಡಿಲ್ಲದೇ ಹರಿದು ಕೊಡ್ತಿದ್ದವರು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಲೆಕ್ಕ ಎಲ್ಲ ಕಂಪ್ಯೂಟರಲ್ಲೇ ಇರಲಿ ಅಂತ ಆಡಿಟರ್ ಹೇಳಿದ್ದಕ್ಕೆ ಮಾವ ಮಿಷನ್ ಹಾಕಿಸಿದ್ರು. ಈಗಿರೋ ಟಚ್‌ಸ್ಕ್ರೀನ್ ಅದರ ನಂತರ ಬಂದದ್ದು. ಹದಿನೈದು ಇಂಚಿನ ಪರದೆ, ಅದರ ಬೆನ್ನಿಗೇ ಕಂಪ್ಯೂಟರು, ಕೆಳಗೆ ಉಕ್ಕಿನ ಸ್ಟ್ಯಾಂಡು, ಪಕ್ಕದಲ್ಲಿ ಬಿಲ್ ಪ್ರಿಂಟರು, ಮೇಜಿನಡಿಗೆ ಕ್ಯಾಶ್ ಡ್ರಾಯರು. ಭಟ್ರು ಕಲಿಯಲ್ಲ ಅಂತ ಎಲ್ಲರೂ ಅಂದ್ಕೊಂಡಿದ್ರು. ಒಂದೇ ವಾರದಲ್ಲಿ ಕಲಿತರು.

ನಾನು ಹೋಗೋ ಹೊತ್ತಿಗೆ ಭಟ್ರು ಚೀಟಿಯಲ್ಲಿ ಕೈಬರಹದ ಟೋಕನ್ ಕೊಡ್ತಾ ಇದ್ರು. "ಎರಡು ಇಡ್ಲಿ-ವಡೆ, ಒಂದು ಖಾಲಿ, ಮೂರು ಕಾಫಿ" ಅಂತ ಗಿರಾಕಿ ಹೇಳಿ ಮುಗಿಸೋ ಮುಂಚೆ ಮೊತ್ತ ಬಾಯಿಂದ ಬರ್ತಿತ್ತು. ಮಿಷನ್ ಪಕ್ಕದಲ್ಲಿ ಬೆಳಗ್ತಾ ಇತ್ತು, ಇಡ್ಲಿ ವಡೆ ಚೌಚೌಬಾತಿನ ಬಣ್ಣದ ಚೌಕಗಳನ್ನ ತೋರಿಸ್ತಾ. ಭಟ್ರು ಒತ್ತಿದ್ರೆ ಸುಮ್ಮನಿರ್ತಿತ್ತು.

ಇದು ಮೂರು ವಾರದಿಂದ ನಡೀತಿದ್ಯಂತೆ. ಒಮ್ಮೊಮ್ಮೆ ಸರಿ, ಒಮ್ಮೊಮ್ಮೆ ಇಲ್ಲ. ಮಿಷನ್ ಮಾರಿದ ಕಂಪನಿಗೆ ಫೋನ್ ಮಾಡಿದ್ರೆ "ರೀಸ್ಟಾರ್ಟ್ ಮಾಡಿ" ಅಂದ್ರಂತೆ. ಎರಡನೇ ಸಲ ಒಬ್ಬ ಹುಡುಗ ಬಂದು ನೋಡಿ, ಪ್ಯಾನೆಲ್ ಹೋಗಿದೆ, ಬದಲಾಯಿಸಬೇಕು, ಹದಿನೆಂಟು ಸಾವಿರ ಅಂತ ಹೇಳಿ ಕಾಫಿ ಕುಡಿದು ಹೋದನಂತೆ. ಹದಿನೆಂಟು ಸಾವಿರ ಕೇಳಿದ ಮೇಲೆ ಮಾವನಿಗೆ ನನ್ನ ನೆನಪಾಗಿದ್ದು :)

ಸರಿ, ಶುರು ಮಾಡಿದೆ. ಯಾರಿಗಾದ್ರೂ ಉಪಯೋಗಕ್ಕೆ ಬರಬಹುದು ಅಂತ ಕ್ರಮವಾಗಿ ಹೇಳ್ತೀನಿ.

ಮೊದಲು ಒಂದು ಯುಎಸ್‌ಬಿ ಮೌಸ್ ಚುಚ್ಚಿದೆ. ಇದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಮೌಸಲ್ಲಿ ಕ್ಲಿಕ್ ಮಾಡಿದ್ರೆ ಇಡ್ಲಿ ಬಿಲ್ಲಿಗೆ ಬಂತು, ಪ್ರಿಂಟೂ ಆಯ್ತು. ಅಂದ್ರೆ ಬಿಲ್ಲಿಂಗ್ ತಂತ್ರಾಂಶ ನೇತಾಡ್ತಾ ಇಲ್ಲ, ಕಂಪ್ಯೂಟರ್ ಬದುಕಿದೆ, ತೊಂದರೆ ಬೆರಳಿನಿಂದ ಕಂಪ್ಯೂಟರಿನವರೆಗಿನ ದಾರಿಯಲ್ಲಿ ಮಾತ್ರ. ಆ ಮೌಸನ್ನ ಭಟ್ರ ಕೈಗೆ ಕೊಟ್ಟೆ, ಲೈನು ಮೆಲ್ಲಗೆ ಕರಗಿತು.

ರಶ್ ಇಳಿದ ಮೇಲೆ ಎರಡನೆಯದು. ವಿಂಡೋಸಿನ ಡಿವೈಸ್ ಮ್ಯಾನೇಜರ್ ತೆಗೆದು ನೋಡಿದೆ. ಟಚ್‌ಸ್ಕ್ರೀನ್ ಪಟ್ಟಿಯಲ್ಲಿ ಇತ್ತು, ಹಳದಿ ಗುರುತು ಇರಲಿಲ್ಲ. ಒಮ್ಮೆ ಡಿಸೇಬಲ್ ಮಾಡಿ ಎನೇಬಲ್ ಮಾಡಿದೆ. ವಿದ್ಯುತ್ ಉಳಿಸೋಕೆ ವಿಂಡೋಸ್ ಕೆಲವು ಸಲ ಯುಎಸ್‌ಬಿ ಸಾಧನಗಳನ್ನ ನಿದ್ದೆ ಮಾಡಿಸುತ್ತೆ, ಆ ಟಿಕ್ಕನ್ನೂ ತೆಗೆದೆ.

ಮೂರನೆಯದು, ಇದು ಯಾವ ಜಾತಿಯ ಟಚ್ಚು ಅಂತ ತಿಳ್ಕೊಳ್ಳೋದು. ಹೋಟೆಲ್ ಮಿಷನ್ನುಗಳಲ್ಲಿ ಹೆಚ್ಚಾಗಿ ಎರಡು ಜಾತಿ. ಒಂದು ರೆಸಿಸ್ಟಿವ್: ಮೇಲೊಂದು ತೆಳು ಹಾಳೆ, ಕೆಳಗೊಂದು ಗಾಜು, ಎರಡರ ಒಳಮೈಗೂ ವಿದ್ಯುತ್ ಹರಿಯೋ ಪಾರದರ್ಶಕ ಲೇಪ. ಒತ್ತಿದಾಗ ಎರಡೂ ಒಂದಕ್ಕೊಂದು ತಾಗಬೇಕು. ಅದಕ್ಕೆ ಉಗುರಾದ್ರೂ ಆಯ್ತು, ಪೆನ್ನಿನ ಮುಚ್ಚಳ ಆದ್ರೂ ಆಯ್ತು. ಇನ್ನೊಂದು ಕೆಪಾಸಿಟಿವ್, ನಮ್ಮ ಮೊಬೈಲುಗಳಲ್ಲಿ ಇರೋದು. ಅದಕ್ಕೆ ಒತ್ತಡ ಬೇಡ, ಬೆರಳೇ ಬೇಕು. ಗಾಜಿನ ಹಿಂದೆ ಸಣ್ಣ ವಿದ್ಯುತ್ ಕ್ಷೇತ್ರ ಇರುತ್ತೆ, ಮನುಷ್ಯನ ಬೆರಳು ಹತ್ತಿರ ಬಂದ್ರೆ ಅದರಲ್ಲಿ ಸ್ವಲ್ಪ ಕದ್ಕೊಳ್ಳುತ್ತೆ, ಆ ಕಳ್ಳತನ ಎಲ್ಲಿ ನಡೀತು ಅಂತ ಒಳಗಿನ ಚಿಪ್ ಲೆಕ್ಕ ಹಾಕುತ್ತೆ. ಪೆನ್ನಿನ ಮುಚ್ಚಳದಲ್ಲಿ ಒತ್ತಿದೆ, ಏನೂ ಆಗ್ಲಿಲ್ಲ. ಬೆರಳಲ್ಲಿ ಮುಟ್ಟಿದೆ, ಚೌಚೌಬಾತ್ ಬಂತು. ಕೆಪಾಸಿಟಿವ್ ಅಂತ ಖಾತ್ರಿಯಾಯ್ತು.

ನಾಲ್ಕನೆಯದು ಸ್ನಾನ. ಕೌಂಟರ್ ಒರೆಸೋ ಒದ್ದೆ ಬಟ್ಟೆಯಲ್ಲೇ ಪರದೆಯನ್ನೂ ಒರೆಸ್ತಿದ್ರು. ಎಣ್ಣೆ, ಸಕ್ಕರೆ, ಕಾಫಿ ಡಿಕಾಕ್ಷನ್ ಎಲ್ಲಾ ಸೇರಿ ಒಂದು ಪದರ. ಮಿಷನ್ ಆಫ್ ಮಾಡಿ, ಮೆತ್ತನೆ ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ (ಪರದೆ ಮೇಲೆ ನೇರ ಸುರಿಯಬಾರದು, ಅಂಚಿನಿಂದ ಒಳಗೆ ಇಳಿಯುತ್ತೆ) ಒರೆಸಿದೆ. ಅಂಚಿನ ಸಂದಿಯಲ್ಲಿ ಒಂದು ವಿಸಿಟಿಂಗ್ ಕಾರ್ಡ್ ಆಡಿಸಿದ್ರೆ ಕಾರಾಬೂಂದಿಯ ಕಾಳು ಹೊರಗೆ ಬಂತು. ಎಲ್ಲರೂ ನಕ್ಕರು.

ಆಮೇಲೆ ಪೇಂಟ್ ತೆಗೆದು ಬೆರಳಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆದೆ. ಎಲ್ಲೂ ತುಂಡಾಗಲಿಲ್ಲ. ಅಡ್ಡ ಗೆರೆ, ಉದ್ದ ಗೆರೆ, ಎಲ್ಲಾ ನೇರ. ಪ್ಯಾನೆಲ್ ಹೋಗಿಲ್ಲ, ಹದಿನೆಂಟು ಸಾವಿರ ಉಳೀತು ಅಂತ ಮಾವನಿಗೆ ಹೇಳಿದೆ. ನನಗೂ ಒಳಗೊಳಗೇ ಹೆಮ್ಮೆ.

"ಭಟ್ರೇ, ಬನ್ನಿ ನೋಡಿ ಈಗ."

ಭಟ್ರು ತಮ್ಮ ಸ್ಟೂಲ್ ಮೇಲೆ ಕೂತು ಇಡ್ಲಿ ಒತ್ತಿದ್ರು. ಇಲ್ಲ. ಇನ್ನೊಮ್ಮೆ. ಇಲ್ಲ. ಮೂರನೇ ಸಲಕ್ಕೆ ಬಂತು. ನಾನು ಪಕ್ಕದಲ್ಲಿ ನಿಂತು ಬಗ್ಗಿ ಒತ್ತಿದೆ. ಬಂತು. ಅವರು ಒತ್ತಿದ್ರು, ಇಲ್ಲ. ನಾನು ಒತ್ತಿದೆ, ಬಂತು.

ಮಾವ ಇಬ್ಬರನ್ನೂ ನೋಡ್ತಾ ನಿಂತಿದ್ರು. "ನಾನು ಹೇಳ್ಲಿಲ್ವಾ, ಕ್ಯಾಶ್ ಗಿರಾಕಿ ಬಂದ್ರೆ ಸರಿಯಾಗೇ ಮಾಡ್ತಾರೆ. ಯುಪಿಐ ಗಿರಾಕಿ ಬಂದ್ರೆ ತಡವರಿಸ್ತಾರೆ. ಇವ್ರಿಗೆ ಅದು ಹತ್ತಲ್ಲ ಕಣೋ" ಅಂದ್ರು.

ಭಟ್ರು ಮೆಲ್ಲಗೆ, "ಹಾಗಲ್ಲ ಮಾರಾಯ, ಮೊದಲು ಇದನ್ನ ಮುಟ್ಟಿದ್ರೆ ಜುಮ್ ಅಂತಿತ್ತು. ಈಗ ಅದೂ ಇಲ್ಲ, ಇದೂ ಇಲ್ಲ" ಅಂದ್ರು.

"ಸ್ಟ್ಯಾಟಿಕ್ ಇರ್ಬೇಕು ಬಿಡಿ ಭಟ್ರೇ" ಅಂದೆ ನಾನು. ಅಷ್ಟರಲ್ಲಿ ನನಗೆ ಉತ್ತರ ಸಿಕ್ಕಿಬಿಟ್ಟಿತ್ತು. ಕೆಪಾಸಿಟಿವ್ ಪರದೆಗಳು ಒಣಗಿದ, ದಡ್ಡುಗಟ್ಟಿದ ಬೆರಳನ್ನ ಸರಿಯಾಗಿ ಗುರುತಿಸಲ್ಲ, ಅದು ನಿಜವಾದ ವಿಷಯವೇ. ಹತ್ತು ವರ್ಷ ಬಿಸಿ ಇಡ್ಲಿ ತಟ್ಟೆ ಎತ್ತಿದ ಕೈ ಅದು. ಆಧಾರಿಗೆ ಬೆರಳಚ್ಚು ಕೊಡೋಕೆ ಹೋದಾಗಲೂ ಅವರದ್ದು ಮೂರು ನಾಲ್ಕು ಸಲ ಒತ್ತಿಸಿದ್ರಂತೆ ಅಂತ ಮಾವನೇ ಸೇರಿಸಿದ್ರು. ಇನ್ನೇನು ಬೇಕು?

"ಮಿಷನ್ ಸರಿಯಾಗೇ ಇದೆ ಮಾವ. ಸಮಸ್ಯೆ ಇರೋದು ಬೆರಳಲ್ಲಿ" ಅಂದೆ.

ಆಫೀಸಲ್ಲಿ ದಿನಕ್ಕೆ ನಾಲ್ಕು ಸಲ ಹೇಳೋ ಮಾತು ಅದು. ಅಲ್ಲಿ ಬೇರೆ ಪದಗಳಲ್ಲಿ ಹೇಳ್ತೀವಿ. ನನ್ನ ಯಂತ್ರದಲ್ಲಿ ಕೆಲಸ ಮಾಡ್ತಿದೆ, ಬಳಕೆದಾರನ ತಪ್ಪು, ಟಿಕೆಟ್ ಮುಚ್ಚಲಾಗಿದೆ. ಅಲ್ಲಿ ಆ ಬಳಕೆದಾರ ಎದುರಿಗೆ ನಿಂತಿರಲ್ಲ. ಇಲ್ಲಿ ನಿಂತಿದ್ರು. ತಮ್ಮ ಬಲಗೈ ಬೆರಳುಗಳನ್ನ ಒಮ್ಮೆ ನೋಡ್ಕೊಂಡು ಪಂಚೆಗೆ ಒರೆಸ್ಕೊಂಡ್ರು. ಕೈಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಕೊಳ್ಳಿ ಭಟ್ರೇ ಅಂತ ನಾನು ತಮಾಷೆ ಮಾಡಿ, ಮಸಾಲೆ ದೋಸೆ ತಿಂದು ಮನೆಗೆ ಬಂದೆ.

ಮಾರನೇ ದಿನ ರಾತ್ರಿ ಮಾವನ ಫೋನು. "ನೀನು ಹೇಳಿದ್ದು ನೂರಕ್ಕೆ ನೂರು ಸರಿ ಕಣೋ. ಕೌಂಟರ್ ಹುಡುಗನ್ನ ಗಲ್ಲಾದಲ್ಲಿ ಕೂರಿಸ್ದೆ. ಇಡೀ ದಿನ ಒಂದು ಸಲಾನೂ ಕೈ ಕೊಟ್ಟಿಲ್ಲ."

"ಭಟ್ರು?"

"ಸ್ಟೋರ್ ನೋಡ್ಕೊಳ್ಳಿ ಅಂದಿದ್ದೀನಿ. ವಯಸ್ಸೂ ಆಯ್ತಲ್ಲ."

ನಿಜ ಹೇಳ್ತೀನಿ, ಆ ಕ್ಷಣ ನನಗೆ ಮೊದಲು ಅನ್ನಿಸಿದ್ದು ಖುಷಿ. ನನ್ನ ಊಹೆ ಸಾಬೀತಾಯ್ತಲ್ಲ ಅಂತ. ಭಟ್ರ ವಿಷಯ ತಲೆಗೆ ಬಂದದ್ದು ಮಲಗೋ ಹೊತ್ತಿಗೆ.

ಗುರುವಾರ ಆಫೀಸಿಗೆ ಹೋಗೋ ಮುಂಚೆ ಹೋಟೆಲಿಗೆ ಹೋದೆ. ಗಲ್ಲಾದಲ್ಲಿ ಹುಡುಗ ನಿಂತ್ಕೊಂಡು ಪಟಪಟ ಒತ್ತುತ್ತಾ ಇದ್ದ. ಭಟ್ರು ಹಿಂದುಗಡೆ ಸ್ಟೋರಲ್ಲಿ, ಬೆಳಕು ಸರಿಯಾಗಿಲ್ಲದ ಜಾಗದಲ್ಲಿ, ಹಾಲಿನ ಪ್ಯಾಕೆಟ್ ಎಣಿಸ್ತಾ ಇದ್ರು. ಇಪ್ಪತ್ತೇಳು ವರ್ಷ ಎದುರಿಗೆ ಬಂದ ಮುಖಗಳನ್ನೆಲ್ಲ ಹೆಸರಿಡಿದು ಮಾತಾಡಿಸ್ತಿದ್ದ ಮನುಷ್ಯ ಗೋಡೆ ಕಡೆ ಮುಖ ಮಾಡಿ ಕೂತಿದ್ರು. ನನಗೆ ಏನು ಮಾತಾಡ್ಬೇಕು ಅಂತಲೇ ತಿಳೀಲಿಲ್ಲ. ಅವರೇ ಕೇಳಿದ್ರು.

"ಆ ಜುಮ್ ಅನ್ನೋದನ್ನ ಸರಿ ಮಾಡಿದ್ಯಾ?"

"ಯಾವ್ದು ಭಟ್ರೇ?"

"ಮಿಷನ್ನಿಂದು. ನಂಗೆ ಜುಮ್ ಅಂತದೆ ಅಂದದ್ದಕ್ಕೆ ಕಾಲ ಕೆಳಗೆ ರಬ್ಬರ್ ಮ್ಯಾಟ್ ಹಾಕಿ ಕೊಟ್ಟಿದ್ರು. ಆ ಹುಡುಗ ಅದನ್ನ ಕಾಲಲ್ಲಿ ಆಚೆ ತಳ್ಳಿದ್ದಾನೆ. ಒದ್ದೆ ಕೈಯವ. ಎಂತಾದ್ರೂ ಆದ್ರೆ?"

ರಬ್ಬರ್ ಮ್ಯಾಟು.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್. ಮೊದಲ ವರ್ಷದ ಬೇಸಿಕ್ ಎಲೆಕ್ಟ್ರಿಕಲ್ ಪತ್ರಿಕೆಯಲ್ಲಿ ಅರ್ಥಿಂಗ್ ಪ್ರಶ್ನೆ ಬಂದಿತ್ತು. ಗುಂಡಿ, ಗುಂಡಿಯೊಳಗೆ ತಾಮ್ರದ ಪ್ಲೇಟು, ಸುತ್ತ ಇದ್ದಿಲು ಉಪ್ಪು, ಮೇಲೆ ನೀರು ಹೊಯ್ಯೋ ಕೊಳವೆ, ಎಲ್ಲವನ್ನೂ ಸ್ಕೇಲ್ ಇಟ್ಟು ಬರೆದು ಅಂಕ ತಗೊಂಡಿದ್ದೆ. ಅದಾದ ಮೇಲೆ ಆ ಗುಂಡಿಯನ್ನ ಮರೆತಿದ್ದೆ. ಈಗ ಸ್ಟೋರಿನ ಬಾಗಿಲಲ್ಲಿ ನಿಂತು ಅದೇ ಚಿತ್ರ ಕಣ್ಮುಂದೆ ಬಂತು. ಮುಟ್ಟಿದ್ರೆ ಜುಮ್ ಅನ್ನೋದು ಸ್ಟ್ಯಾಟಿಕ್ ಅಲ್ಲ. ಸ್ಟ್ಯಾಟಿಕ್ ಒಮ್ಮೆ ಚಟ್ ಅಂದು ಮುಗಿಯುತ್ತೆ. ಮುಟ್ಟಿದಷ್ಟು ಹೊತ್ತೂ ಜುಮ್ ಅಂದ್ರೆ ಅದು ಮಿಷನ್ನಿಗೆ ಅರ್ಥ್ ಇಲ್ಲ ಅಂತ ಕೂಗಿ ಹೇಳೋದು.

ಗಲ್ಲಾಕ್ಕೆ ಓಡಿದೆ. "ಇದನ್ನ ಮುಟ್ಟಿದ್ರೆ ಜುಮ್ ಅನ್ಸುತ್ತೇನೋ?" ಅಂತ ಹುಡುಗನ್ನ ಕೇಳಿದೆ.

"ಹೂಂ ಸಾರ್. ಸ್ಟ್ಯಾಂಡ್ ಹಿಡ್ಕೊಂಡ್ರೆ. ಈಗ ಅಭ್ಯಾಸ ಆಗೋಗಿದೆ."

ಅವನು ಎಡಗೈಯಲ್ಲಿ ಮಿಷನ್ನಿನ ಉಕ್ಕಿನ ಸ್ಟ್ಯಾಂಡ್ ಹಿಡ್ಕೊಂಡೇ ಬಲಗೈಯಲ್ಲಿ ಒತ್ತುತ್ತಾ ಇದ್ದ. ನೆನಪಾಯ್ತು, ಭಾನುವಾರ ನಾನೂ ಹಾಗೇ ಮಾಡಿದ್ದೆ. ಪರದೆ ಅಲ್ಲಾಡದಿರಲಿ ಅಂತ ಎಡಗೈಯಲ್ಲಿ ಸ್ಟ್ಯಾಂಡ್ ಹಿಡ್ಕೊಂಡು ಬಗ್ಗಿ ಒತ್ತಿದ್ದೆ. ದಪ್ಪ ಅಡಿಯ ಶೂ ಹಾಕಿದ್ದರಿಂದ ನನಗೆ ಜುಮ್ ತಿಳಿದಿರಲಿಲ್ಲ.

ಪಕ್ಕದ ಎಲೆಕ್ಟ್ರಿಕಲ್ ಅಂಗಡಿಯವರನ್ನ ಕರೆದೆ. ಟೆಸ್ಟರ್ ಸ್ಕ್ರೂಡ್ರೈವರನ್ನ ಸ್ಟ್ಯಾಂಡಿಗೆ ಮುಟ್ಟಿಸಿದ್ರೆ ಒಳಗಿನ ದೀಪ ಮಂಕಾಗಿ ಹತ್ತಿತು. ಮೀಟರಲ್ಲಿ ಸ್ಟ್ಯಾಂಡಿಗೂ ಗೋಡೆಯ ಅರ್ಥಿಗೂ ನಡುವೆ 92 ವೋಲ್ಟ್. ಮಿಷನ್ನಿನ ವೈರನ್ನ ಹಿಂಬಾಲಿಸಿ ಮೇಜಿನ ಕೆಳಗೆ ಹೋದ್ರೆ ಅಲ್ಲೊಂದು ಎಕ್ಸ್‌ಟೆನ್ಷನ್ ಬಾಕ್ಸು. ಮೂರು ವಾರದ ಹಿಂದೆ, ಯುಪಿಐ ದುಡ್ಡು ಬಂತು ಅಂತ ಕೂಗೋ ಡಬ್ಬಿಗೂ ಒಂದು ಫೋನ್ ಚಾರ್ಜರಿಗೂ ಜಾಗ ಬೇಕು ಅಂತ ತಂದದ್ದು. ಮೇಲೆ ಮೂರು ಮೂರು ತೂತಿನ ಚಂದದ ಸಾಕೆಟ್ಟುಗಳು. ಅದರ ಬಾಲದಲ್ಲಿ ಮಾತ್ರ ಎರಡೇ ಪಿನ್ನಿನ ಪ್ಲಗ್ಗು. ಒಳಗೆ ಎರಡೇ ತಂತಿ. ಮೂರನೇ ತೂತು ಬರೀ ಅಲಂಕಾರಕ್ಕೆ.

ನಮ್ಮ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ಮಿಕ್ಕೆರಡಕ್ಕಿಂತ ದಪ್ಪ, ಉದ್ದ ಇರುತ್ತಲ್ಲ, ಅದೇ ಅರ್ಥ್ ಪಿನ್ನು. ಚುಚ್ಚುವಾಗ ಎಲ್ಲಕ್ಕಿಂತ ಮೊದಲು ತಾಗಲಿ, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಲಿ ಅಂತ ಉದ್ದ ಮಾಡಿರೋದು. ಅಷ್ಟು ಮುತುವರ್ಜಿಯಿಂದ ಯಾರೋ ಯೋಚಿಸಿ ಮಾಡಿದ್ದನ್ನ ಒಂದು ಅಗ್ಗದ ಡಬ್ಬಿ ಕತ್ತರಿಸಿ ಹಾಕಿತ್ತು.

ಆಮೇಲಿನದ್ದೆಲ್ಲ ತಾನಾಗೇ ಬಿಚ್ಕೊಂಡಿತು. ಇಂಥ ಮಿಷನ್ನುಗಳ ಪವರ್ ಸಪ್ಲೈ ಒಳಗೆ ಗದ್ದಲ ಸೋಸೋಕೆ ಅಂತ ಫೇಸಿನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಇಟ್ಟು ಎರಡನ್ನೂ ಅರ್ಥಿಗೆ ಸೇರಿಸಿರ್ತಾರೆ. ಅರ್ಥ್ ಇದ್ದಾಗ ಆ ಚೂರು ಸೋರಿಕೆ ನೆಲಕ್ಕೆ ಇಳಿದು ಹೋಗುತ್ತೆ. ಅರ್ಥ್ ಕಿತ್ತುಹೋದ್ರೆ ಆ ಎರಡರ ಮಧ್ಯೆ ಮಿಷನ್ನಿನ ಮೈ ತೇಲ್ತಾ ಇರುತ್ತೆ, ಹೆಚ್ಚುಕಮ್ಮಿ 230ರ ಅರ್ಧದಲ್ಲಿ. ಹರಿಯೋ ಕರೆಂಟು ಒಂದು ಮಿಲಿಆಂಪಿಯರಿಗಿಂತ ಕಮ್ಮಿ, ಅದಕ್ಕೇ ಹೊಡೆಯಲ್ಲ, ಜುಮ್ ಅನ್ನುತ್ತೆ ಅಷ್ಟೇ.

ಇನ್ನು ಟಚ್ಚು. ಬೆರಳು ಕದಿಯೋ ಆ ಚೂರು ಚಾರ್ಜು ನಮ್ಮ ಮೈ ಮೂಲಕ ಹೇಗಾದ್ರೂ ಮಿಷನ್ನಿಗೇ ವಾಪಸ್ ಹೋಗೋ ದಾರಿ ಇರಬೇಕು. ಇಬ್ಬರಿಗೂ ಒಂದೇ ನೆಲ ಇದ್ರೆ ಆ ದಾರಿ ಸಲೀಸು. ಮಿಷನ್ನು ತೇಲ್ತಾ ಇದ್ದು, ಕೂತವರೂ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಕಾಲು ರಬ್ಬರಿನ ಮೇಲೆ ಇಟ್ಟಿದ್ರೆ ಬೆರಳಿನ ಸುಳಿವು ತೀರಾ ಸಣ್ಣದಾಗುತ್ತೆ. ಮೇಲಿಂದ ಕರೆಂಟಿನ ಗದ್ದಲ. ಒಳಗಿನ ಚಿಪ್ಪು ಆ ಗದ್ದಲದಲ್ಲಿ ನಿಜವಾದ ಮುಟ್ಟುವಿಕೆಯನ್ನೂ ಗದ್ದಲ ಅಂದ್ಕೊಂಡು ಬಿಸಾಕುತ್ತೆ. ನಿಮಗೂ ಅನುಭವ ಆಗಿರಬಹುದು, ಅಗ್ಗದ ಚಾರ್ಜರ್ ಹಾಕಿ ಫೋನನ್ನ ಹಾಸಿಗೆ ಮೇಲೆ ಇಟ್ಟು ಒತ್ತಿದ್ರೆ ಹುಚ್ಚು ಹುಚ್ಚಾಗಿ ಆಡುತ್ತೆ, ಕೈಯಲ್ಲಿ ಎತ್ಕೊಂಡ್ರೆ ಸರಿಹೋಗುತ್ತೆ. ಅದೇ ಕಥೆ. ಎಡಗೈಯಲ್ಲಿ ಲೋಹದ ಸ್ಟ್ಯಾಂಡ್ ಹಿಡಿದ ಕೂಡಲೇ ನಾವೂ ಮಿಷನ್ನೂ ಒಂದಾಗಿಬಿಡ್ತೀವಿ.

ಮತ್ತೆ ಮಾವ ಹೇಳಿದ ಕ್ಯಾಶ್-ಯುಪಿಐ ಲೆಕ್ಕ? ಅದೂ ಸುಳ್ಳಾಗಿರಲಿಲ್ಲ! ಕ್ಯಾಶ್ ಗಿರಾಕಿ ಬಂದಾಗ ಡ್ರಾಯರ್ ತೆರೆದಿರುತ್ತೆ, ಭಟ್ರ ಎಡಗೈ ಡ್ರಾಯರಿನ ಬಣ್ಣ ಸವೆದ ತಗಡಿನ ಅಂಚಿನ ಮೇಲಿರುತ್ತೆ. ಆ ಡ್ರಾಯರಿನ ವೈರು ಪ್ರಿಂಟರಿಗೆ, ಪ್ರಿಂಟರಿನದ್ದು ಮಿಷನ್ನಿಗೆ. ಅಲ್ಲೇ ದಾರಿ ಸಿಕ್ತು. ಯುಪಿಐ ಗಿರಾಕಿ ಬಂದ್ರೆ ಡ್ರಾಯರ್ ಮುಚ್ಚಿರುತ್ತೆ, ಎಡಗೈ ತೊಡೆ ಮೇಲಿರುತ್ತೆ. ದಾರಿ ಇಲ್ಲ. ಎಲ್ಲರಿಗೂ ಕಂಡಿದ್ದ ಸತ್ಯ ಅದು. ಅದಕ್ಕೆ ನಾವು ಕೊಟ್ಟ ಅರ್ಥ ಮಾತ್ರ, ಮುದುಕರಿಗೆ ಹೊಸದು ಹತ್ತಲ್ಲ ಅಂತ.

ಮಾವನನ್ನ ಎದುರಿಗೆ ನಿಲ್ಲಿಸ್ಕೊಂಡು ಪರೀಕ್ಷೆ ಮಾಡಿದೆ. ಭಟ್ರನ್ನ ಕರೆದು ಅದೇ ಸ್ಟೂಲು, ಅದೇ ಮ್ಯಾಟು. ಎಡಗೈ ತೊಡೆ ಮೇಲೆ. ಹತ್ತು ಸಲ ಒತ್ತಿಸಿದೆ, ಮೂರು ಬಂತು. ಎಡಗೈ ಸ್ಟ್ಯಾಂಡ್ ಮೇಲೆ ಇಡಿಸಿ ಹತ್ತು ಸಲ, ಹತ್ತೂ ಬಂತು. ಆಮೇಲೆ ಮಿಷನ್ ಆಫ್ ಮಾಡಿ ಅದರ ಪ್ಲಗ್ಗನ್ನ ನೇರ ಗೋಡೆಯ ಮೂರು ಪಿನ್ನಿನ ಸಾಕೆಟ್ಟಿಗೆ ಹಾಕಿದ್ವಿ. ಆ ಸಾಕೆಟ್ಟಿನ ಅರ್ಥ್ ನಿಜವಾಗಿ ಇದೆಯಾ ಅಂತ ಅಂಗಡಿಯವರು ಮೀಟರಲ್ಲಿ ಮೊದಲೇ ನೋಡಿದ್ರು. ಸ್ಟ್ಯಾಂಡಿನ 92 ವೋಲ್ಟ್ ಸೊನ್ನೆ ಹತ್ತಿರಕ್ಕೆ ಬಂತು. ಎಡಗೈ ತೊಡೆ ಮೇಲೆ, ಕಾಲು ಮ್ಯಾಟ್ ಮೇಲೆ, ಹತ್ತು ಸಲ. ಹತ್ತೂ ಬಂತು.

ಭಟ್ರು ಹನ್ನೊಂದನೇ ಸಲ ತಾವಾಗೇ ಒಂದು ಒತ್ತಿ ನೋಡಿದ್ರು. ಬಾದಾಮಿ ಹಾಲು.

ಮಾವ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಹುಡುಗನಿಗೆ "ನೀನು ಕೌಂಟರಿಗೆ ಹೋಗೋ" ಅಂದ್ರು. ಅಷ್ಟೇ. ನಮ್ಮ ಮನೆತನದ ಗಂಡಸರು ಕ್ಷಮೆ ಕೇಳೋದು ಹೀಗೇ.

ಆ ರಾತ್ರಿ ಕೂತು ಈ ಗಲ್ಲಾ ಮಿಷನ್ನಿನ ಹಿನ್ನೆಲೆ ಓದ್ತಾ ಹೋದೆ. 1879ರಲ್ಲಿ ಅಮೆರಿಕದ ಡೇಟನ್ ಊರಿನ ಜೇಮ್ಸ್ ರಿಟ್ಟಿ ಅನ್ನೋ ಹೆಂಡದಂಗಡಿ ಮಾಲೀಕ ಮೊದಲ ಕ್ಯಾಶ್ ರಿಜಿಸ್ಟರ್ ಮಾಡಿದ. ಕೆಲಸದವರು ದುಡ್ಡು ಹೊಡೀತಾರೆ ಅನ್ನೋ ಅನುಮಾನಕ್ಕೆ ಹುಟ್ಟಿದ ಯಂತ್ರ ಅದು. ಆತ ಅದಕ್ಕಿಟ್ಟ ಹೆಸರಿನ ಅರ್ಥ, ಕೆಡಿಸಲಾಗದ ಕ್ಯಾಶಿಯರ್ ಅಂತ. ಅದಾಗಿ ನೂರು ವರ್ಷದ ಮೇಲೆ, 1986ರಲ್ಲಿ, ತಾನೇ ಹೋಟೆಲ್ ನಡೆಸಿದ್ದ ಜೀನ್ ಮೋಷರ್ ಅನ್ನೋವ್ರು ಅಟಾರಿ ಕಂಪ್ಯೂಟರಿನಲ್ಲಿ ಹೋಟೆಲಿಗಾಗಿ ಬಣ್ಣದ ಟಚ್‌ಸ್ಕ್ರೀನ್ ಬಿಲ್ಲಿಂಗ್ ಮಾಡಿ ಲಾಸ್ ವೇಗಸ್ಸಿನ ಮೇಳದಲ್ಲಿ ತೋರಿಸಿದ್ರು. ಅಲ್ಲಿ ಕೀಲಿಮಣೆ ಕಲಿಯೋ ಹಂಗಿಲ್ಲ, ಪರದೆ ಮೇಲೆ ಏನು ಬೇಕೋ ಅದನ್ನ ಮುಟ್ಟಿದ್ರೆ ಆಯ್ತು. ಒಂದು ಗಲ್ಲಾದವನನ್ನ ನಂಬದೇ ಹುಟ್ಟಿದ್ದು, ಇನ್ನೊಂದು ಗಲ್ಲಾದವನಿಗೆ ಸುಲಭ ಆಗಲಿ ಅಂತ ಹುಟ್ಟಿದ್ದು. ನಮ್ಮ ಮಾವನ ಮೇಜಿನ ಮೇಲೆ ಇರೋದು ಎರಡನೇ ಜಾತಿಯದ್ದು. ನಾನು ಅದನ್ನ ಮೊದಲನೆಯದ್ದರ ಹಾಗೆ ಬಳಸಿದ್ದೆ. ಮಿಷನ್ ಕೆಟ್ಟಿಲ್ಲ, ಮನುಷ್ಯ ಕೆಟ್ಟಿದ್ದಾನೆ ಅಂತ ಸರ್ಟಿಫಿಕೇಟ್ ಕೊಟ್ಟಿದ್ದೆ.

ನಾನು ಮಾಡಿದ ಪರೀಕ್ಷೆಗಳೆಲ್ಲ ಸರಿಯೇ. ಮೌಸು, ಡ್ರೈವರು, ಪೆನ್ನಿನ ಮುಚ್ಚಳ, ಒರೆಸೋದು, ಗೆರೆ ಎಳೆಯೋದು. ಯಾರ ಟಚ್‌ಸ್ಕ್ರೀನ್ ಕೈ ಕೊಟ್ರೂ ಅದೇ ಕ್ರಮದಲ್ಲಿ ಮಾಡಿ. ಆದ್ರೆ ನಾನು ಎಲ್ಲವನ್ನೂ ನನ್ನ ಕೈಯಲ್ಲಿ, ನಾನು ನಿಂತ ಜಾಗದಿಂದ ಮಾಡಿದೆ. ಭಟ್ರ ಸ್ಟೂಲ್ ಮೇಲೆ ಒಂದು ನಿಮಿಷ ಕೂತು, ಎಡಗೈ ತೊಡೆ ಮೇಲಿಟ್ಟು ಒತ್ತಿದ್ರೆ ಸಾಕಿತ್ತು. ಅದಕ್ಕೂ ಮುಂಚೆ ಅವರು ಹೇಳಿದ್ದನ್ನ ಕೇಳಿದ್ರೆ ಅದೂ ಬೇಡವಾಗಿತ್ತು. ಯಾವುದು, ಯಾವಾಗ ಶುರುವಾಯ್ತು, ಯಾವಾಗ ನಿಂತಿತು ಅಂತ ಅವರು ಒಂದೇ ವಾಕ್ಯದಲ್ಲಿ ಹೇಳಿದ್ರು. ನಮ್ಮ ಆಫೀಸಿಗೆ ಬರೋ ಯಾವ ಬಗ್ ವರದಿಯೂ ಅಷ್ಟು ಚೊಕ್ಕವಾಗಿರಲ್ಲ. ಅವರು ಕನ್ನಡದಲ್ಲಿ ಹೇಳಿದ್ರು, ನಾನು ಇಂಗ್ಲಿಷ್ ಪದಕ್ಕೆ ಕಾಯ್ತಾ ಇದ್ದೆ ಅಂತ ಕಾಣುತ್ತೆ.

ಇನ್ನೊಂದು ಮಾತು, ಇದು ತಮಾಷೆ ಅಲ್ಲ. ಟಚ್ಚು ಹೋದದ್ದು ಸಣ್ಣ ವಿಷಯ. ಅರ್ಥ್ ಇಲ್ಲದ ಆ ಮಿಷನ್ನಿನೊಳಗೆ ಎಲ್ಲಾದ್ರೂ ಫೇಸ್ ತಂತಿ ಸವೆದು ಮೈಗೆ ತಾಗಿದ್ದಿದ್ರೆ, ಒದ್ದೆ ಕೈಯಲ್ಲಿ ಸ್ಟ್ಯಾಂಡ್ ಹಿಡಿದು ನಿಂತಿದ್ದ ಆ ಹುಡುಗನಿಗೆ ಜುಮ್ ಅಂತ ಮಾತ್ರ ಆಗ್ತಿರಲಿಲ್ಲ. ನಾನು ಸರಿಯಾಗಿದೆ ಅಂದದ್ದು ಆ ಮಿಷನ್ನನ್ನ. ಅದನ್ನ ನೆನೆಸ್ಕೊಂಡ್ರೆ ಈಗಲೂ ಕೈ ತಣ್ಣಗಾಗುತ್ತೆ. ನಿಮ್ಮ ಮನೆಯಲ್ಲಿ ಫ್ರಿಜ್ಜು, ವಾಷಿಂಗ್ ಮಿಷನ್ನು, ಲ್ಯಾಪ್‌ಟಾಪು ಯಾವುದಾದ್ರೂ ಜುಮ್ ಅಂದ್ರೆ ಚಪ್ಪಲಿ ಹಾಕ್ಕೊಂಡು ಮುಟ್ಟೋದು ಪರಿಹಾರ ಅಲ್ಲ. ಎಲೆಕ್ಟ್ರಿಷಿಯನ್ ಕರೆದು ಅರ್ಥ್ ನೋಡಿಸಿ. ಎರಡು ಪಿನ್ನಿನ ಬಾಲ ಇರೋ ಎಕ್ಸ್‌ಟೆನ್ಷನ್ ಬಾಕ್ಸ್ ಇದ್ರೆ ಇವತ್ತೇ ಎಸೀರಿ. 30 ಮಿಲಿಆಂಪಿಯರ್ ಸೋರಿದ್ರೆ ಕ್ಷಣದಲ್ಲಿ ಕರೆಂಟು ಕಡಿಯೋ ಆರ್‌ಸಿಸಿಬಿ ಸಿಗುತ್ತೆ, ಹಾಕಿಸ್ಕೊಳ್ಳಿ. ಮಾವನ ಹೋಟೆಲಿಗೆ ಅದೇ ವಾರ ಹಾಕಿಸಿದ್ವಿ.

ಮುಂದಿನ ಭಾನುವಾರ ಹೋದೆ. ಭಟ್ರು ಗಲ್ಲಾದಲ್ಲಿದ್ರು. ಲೈನಲ್ಲಿ ನಿಂತು, ನನ್ನ ಸರದಿ ಬಂದಾಗ, ಹಿಂದೆ ಯಾರಿಗೂ ಕೇಳಿಸದ ಹಾಗೆ "ಸಾರಿ ಭಟ್ರೇ" ಅಂದೆ.

"ನೀನು ರಿಪೇರಿ ಮಾಡಿದ್ದು ಮಿಷನ್ನಲ್ವಾ ಮಾರಾಯ, ನಂಗ್ಯಾಕೆ ಸಾರಿ?" ಅಂದ್ರು. ನಕ್ಕರೋ ಇಲ್ವೋ ಗೊತ್ತಾಗ್ಲಿಲ್ಲ. ತಲೆ ಪರದೆ ಕಡೆಗಿತ್ತು. ಬಿಲ್ ಬಂತು, ಪೂರ್ತಿ ದುಡ್ಡು ತಗೊಂಡ್ರು, ಚಿಲ್ಲರೆ ಎಣಿಸಿ ಕೊಟ್ರು. "ನೆಕ್ಸ್ಟ್" ಅಂದ್ರು.

ಸೋಮವಾರ ಆಫೀಸಿಗೆ ಹೋಗಿ ಮೊದಲು ಮಾಡಿದ ಕೆಲಸ ಒಂದೇ. ಹದಿನೈದು ದಿನದ ಹಿಂದೆ "ನಮ್ಮಲ್ಲಿ ಮರುಕಳಿಸುತ್ತಿಲ್ಲ" ಅಂತ ಬರೆದು ಮುಚ್ಚಿದ್ದ ಒಂದು ಟಿಕೆಟ್ ಇತ್ತು. ಆ ಬಳಕೆದಾರರು ಅದರಲ್ಲಿ ಮೂರು ಸಲ ಒಂದೇ ಮಾತನ್ನ ಬರೆದಿದ್ರು. ಅದನ್ನ ಮತ್ತೆ ತೆರೆದೆ. ಫೋನ್ ನಂಬರ್ ಇತ್ತು. ಮಾಡಿದೆ.

"ನೀವು ಬರೆದಿದ್ದನ್ನ ಇನ್ನೊಂದ್ಸಲ ಮೊದಲಿಂದ ಹೇಳ್ತೀರಾ?" ಅಂದೆ.